ತೊಟ್ಟಿಯಲ್ಲಿ ಮಡಿದ ಮೂವರು



ಕೊಲೆಗಾರನು ಎಷ್ಟೇ ಜಾಣನಾದರೂ ಏನಾದರೊಂದು ಗುರುತನ್ನು ಬಿಟ್ಟೇ ಹೋಗುವನೆಂದು ಪತ್ತೇದಾರಿ ಕಾದಂಬರಿಗಳು ನಮಗೆ ಕಲಿಸಿವೆ. ರಕ್ತದ ಕಲೆಯೋ, ಬೆರಳಿನ ಗುರುತೋ, ವಿಷದ ಸೀಸೆಯೋ ಸಿಕ್ಕಿಯೇ ಸಿಕ್ಕುವುದು. ಇವುಗಳಲ್ಲಿ ಒಂದೂ ಸಿಕ್ಕದಿದ್ದರೆ ಪತ್ತೇದಾರನ ಗತಿಯೇನು? 1915ರಲ್ಲಿ ಲಂಡನ್ ನಗರದ ಪೋಲೀಸಿನವರಿಗೆ ಇಂತಹ ಪ್ರಸಂಗವೇ ಒದಗಿತು.

1914ನೆಯ ಡಿಸೆಂಬರ್ 18ರಂದು ಹೈಗೇಟಿನ ಬಾಡಿಗೆಯ ಮನೆಯೊಂದರಲ್ಲಿ ಮಾರ್ಗರೆಟ್ ಲಾಫ್ಟಿ ಎಂಬಾಕೆ ಸ್ನಾನದ ತೊಟ್ಟಿಯಲ್ಲಿ ಸತ್ತಿದ್ದಳು. ಆಕೆಯ ಮದುವೆಯಾದದ್ದು ಅದರ ಹಿಂದಿನ ದಿನ. ಬಲಾತ್ಕಾರದ ಗುರುತೆಂದು ಹೇಳತಕ್ಕದ್ದೇನೂ ಕಾಣಲಿಲ್ಲ. ಆಕಸ್ಮಿಕ ಮರಣವೆಂದು ತೀರ್ಮಾನವಾಯಿತು. ಪತ್ರಿಕೆಯಲ್ಲಿ ಸುದ್ದಿ ಬಂದಿತು.

ಅದನ್ನು ಚಾರ್ಲ್ಸ್ ಬರ್ನ್‌ಹ್ಯಾಮ್ ಎಂಬ ಒಬ್ಬ ತಂದೆ ಓದಿದನು. ಅವನ ಮಗಳು ಆಲಿಸ್ ಕೂಡ ಮದುವೆಯಾದ ಕೆಲವೇ ವಾರಗಳಲ್ಲಿ, 1913ನೆಯ ಡಿಸೆಂಬರ್ 12ರಂದು, ಬ್ಲ್ಯಾಕ್‌ಪೂಲಿನಲ್ಲಿ ಹೀಗೆಯೇ ತೊಟ್ಟಿಯಲ್ಲಿ ಮಡಿದಿದ್ದಳು. ಅಳಿಯನ ಮೇಲೆ ಆತನಿಗೆ ಮೊದಲಿನಿಂದಲೂ ನಂಬಿಕೆಯಿರಲಿಲ್ಲ. ಆಲಿಸ್ ಸತ್ತ ಮನೆಯ ಯಜಮಾನನಾದ ಕ್ರಾಸ್ಲಿಯೂ ಪೋಲೀಸಿನವರಿಗೆ ಬರೆದನು. ಗುರುತುಗಳಿಲ್ಲದ ಈ ಕೊಲೆಯ ಮೊದಲನೆಯ ಸಾಕ್ಷಿ ಇವರ ಜ್ಞಾಪಕಶಕ್ತಿಯೆಂದರೆ ಸಲ್ಲುವುದು.

ಇನ್ಸ್‌ಪೆಕ್ಟರ್ ಆರ್ಥರ್ ನೀಲ್ ಹಿಂದು ಹಿಂದಕ್ಕೆ ಹುಡುಕುತ್ತ ಹೋಗಲು ಮೂರನೆಯ ಮರಣವೊಂದು ಹೊರಬಿದ್ದಿತು. ಹರ್ನ್ ಬೇ ಎಂಬ ಕಡಲ ತೀರದ ಊರಿನಲ್ಲಿ 1912ನೆಯ ಜುಲೈ 13ರಂದು ಬೆಸ್ಸಿ ಮಂಡಿ ಎಂಬಾಕೆ ಸತ್ತಿದ್ದಳು. ಗಂಡಂದಿರ ಹೆಸರುಗಳು ವಿಲಿಯಮ್ಸ್, ಸ್ಮಿತ್, ಲಾಯ್ಡ್. ಆಸಾಮಿ ಮಾತ್ರ ಒಬ್ಬನೇ, ಜಾರ್ಜ್ ಜೋಸೆಫ್ ಸ್ಮಿತ್.

ಮೂರು ಕಡೆಯೂ ಒಂದೇ ಕ್ರಮ. ಮೊದಲು ವಿಮೆಯೋ ಉಯಿಲೋ ಗಂಡನ ಕೈಸೇರುವುದು: ಆಲಿಸಳಿಗೆ 500 ಪೌಂಡು, ಮಾರ್ಗರೆಟಳಿಗೆ 700 ಪೌಂಡು ವಿಮೆ, ಬೆಸ್ಸಿಯ ಉಯಿಲಾದದ್ದು ಸಾವಿಗೆ ಐದು ದಿನಗಳ ಮುಂಚೆ. ಅನಂತರ ಹೆಂಡತಿಗೆ ಅಸ್ವಸ್ಥವೆಂದು ವೈದ್ಯನ ಬಳಿಗೆ ಕರೆದೊಯ್ಯುವುದು. ಆಮೇಲೆ ಸ್ನಾನ. ಗಂಡನು ಆ ವೇಳೆಗೆ ಸರಿಯಾಗಿ ಮೀನು, ಮೊಟ್ಟೆ, ಟೊಮೇಟೊ, ಹೀಗೆ ಏನನ್ನೋ ಕೊಳ್ಳಲು ಹೋಗಿ ಬಂದಿರುವನು! ಸ್ನಾನದ ಮನೆಯ ಬಾಗಿಲಿಗೆ ಅಗಳಿ ಹಾಕಿರುವುದಿಲ್ಲ. ಹರ್ನ್ ಬೇಯಲ್ಲಿ ತರಿಸಿದ್ದ ತೊಟ್ಟಿಯನ್ನು ಹೆಂಡತಿ ಸತ್ತಮೇಲೆ ಅಂಗಡಿಗೆ ಹಿಂದಿರುಗಿಸಿದನೆಂಬುದನ್ನು ಕೇಳಿದಾಗ ಮೈ ಜುಮ್ಮೆನ್ನುವುದು.

ಆದರೆ ಕೊಂದದ್ದು ಹೇಗೆ? ಬರ್ನಾರ್ಡ್ ಸ್ಪಿಲ್ಸ್‌ಬರಿ ಎಂಬ ವೈದ್ಯನು ಹೂತ ದೇಹಗಳನ್ನು ತೆಗೆಸಿ ಪರೀಕ್ಷಿಸಿದನು, ವಿಷವಿಲ್ಲ. ಮೂರ್ಛೆರೋಗದಿಂದ ಸತ್ತಳೆಂಬುದೂ ಹೊಂದಲಿಲ್ಲ. ರೋಗಿಯ ದೇಹವು ಸೆಟೆದಾಗ, ಅಂತಹ ಗಿಡ್ಡನೆಯ ತೊಟ್ಟಿಯಲ್ಲಿ, ತಲೆಯು ನೀರಿನಿಂದ ಮೇಲಕ್ಕೆ ಹೋಗಬೇಕೇ ಹೊರತು ಮುಳುಗದು. ಆಗ ನೀಲನು ಈಜಿನಲ್ಲಿ ನುರಿತ ಯುವತಿಯೊಬ್ಬಳನ್ನು ತೊಟ್ಟಿಯಲ್ಲಿ ಕುಳ್ಳಿರಿಸಿ, ಹಠಾತ್ತಾಗಿ ಆಕೆಯ ಕಾಲುಗಳನ್ನು ಎಳೆದು ಮೇಲಕ್ಕೆತ್ತಿಸಿದನು. ನೀರು ಮೂಗಿಗೆ ನುಗ್ಗಿ ಆಕೆ ಒಡನೆಯೇ ಪ್ರಜ್ಞೆತಪ್ಪಿದಳು. ಎಚ್ಚರಿಸಲು ಬಹಳ ಹೊತ್ತು ಹೆಣಗಬೇಕಾಯಿತು. ಪರೀಕ್ಷೆಯು ಯಶಸ್ವಿಯಾಯಿತೆಂಬುದು ದಿಟ. ಆದರೂ ಅದನ್ನು ಮೆಚ್ಚುವುದು ನನ್ನಿಂದಾಗದು.

ಇನ್ನು ನ್ಯಾಯಸ್ಥಾನದ ತೊಡಕು. ಆಪಾದನೆ ನಡೆದದ್ದು ಬೆಸ್ಸಿಯೊಬ್ಬಳ ಕೊಲೆಗೆ ಮಾತ್ರ. ಉಳಿದಿಬ್ಬರ ಮರಣವನ್ನು ಜ್ಯೂರಿಯವರ ಮುಂದಿಡಬಹುದೇ? ಒಬ್ಬನನ್ನು ಅವನ ದುರ್ನಡತೆಗಾಗಿಯೇ ಶಿಕ್ಷಿಸುವುದು ಅನ್ಯಾಯವಷ್ಟೆ. ಆದರೆ ಆಕಸ್ಮಿಕವೆಂಬ ವಾದವನ್ನು ಅಲ್ಲಗಳೆಯಲು ಅವು ಸಲ್ಲುವುವೆಂದು ನ್ಯಾಯಾಧೀಶ ಸ್ಕ್ರಟನ್ ಒಪ್ಪಿದನು. ನಮ್ಮ ದೇಶದ 1872ರ ಸಾಕ್ಷ್ಯ ಕಾಯಿದೆಯ 15ನೆಯ ಕಲಮು ಹೇಳುತ್ತಿದ್ದುದೂ ಇದನ್ನೇ: ವಿಮೆ ಮಾಡಿಸಿದ ಮನೆ ಸುಟ್ಟರೆ ಆಕಸ್ಮಿಕವಿರಬಹುದು, ಒಬ್ಬನೇ ವಾಸವಾಗಿದ್ದ ಮನೆಗಳೆಲ್ಲ ಒಂದಾದ ಮೇಲೊಂದು ಸುಟ್ಟು, ವಿಮೆಯ ಹಣವೂ ಪ್ರತಿಸಲ ಅವನ ಕೈಸೇರಿದರೆ ಆ ಸಂಗತಿಗಳನ್ನು ಕೇಳಬಹುದು. ಆ ಕಾಯಿದೆಗೆ ಬದಲಾಗಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ನಿಯಮವು ಉಳಿದಿದೆ.

ಜ್ಯೂರಿಯವರಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. 1915ನೆಯ ಆಗಸ್ಟ್ 13ರಂದು ಮೇಡ್‌ಸ್ಟನ್ ಸೆರೆಮನೆಯಲ್ಲಿ ಸ್ಮಿತ್ತನನ್ನು ಗಲ್ಲಿಗೇರಿಸಿದರು. ಕೊನೆಯವರೆಗೂ ಅವನು ತಪ್ಪನ್ನು ಒಪ್ಪಿಕೊಳ್ಳಲಿಲ್ಲ.