ಉಚ್ಚೆಬಟ್ಟೆಯ ವಾಸನೆಗೊಂದು ಚರಿತ್ರೆ



ಕೂಸು ಈಗಷ್ಟೇ ಒದ್ದೆ ಮಾಡಿದ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿ. ಹೇಳಿಕೊಳ್ಳುವಂಥ ವಾಸನೆ ಏನೂ ಇರುವುದಿಲ್ಲ. ಅದೇ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಮುಚ್ಚಳ ಮುಚ್ಚಿಟ್ಟು, ಮರುದಿನ ಬೆಳಿಗ್ಗೆ ತೆಗೆಯಿರಿ. ಘಾಟಿಗೆ ಕಣ್ಣಲ್ಲಿ ನೀರು ಬರುತ್ತದೆ. ಆ ಒಂದು ರಾತ್ರಿ ಬಕೆಟ್ಟಿನೊಳಗೆ ಏನು ನಡೆಯಿತು? ಬಟ್ಟೆ ಒಗೆಯುವ ಹೆಂಗಸರು ಇದಕ್ಕೆ ಏನು ಮಾಡಬೇಕು ಅನ್ನುವುದನ್ನು ಯಾವತ್ತೋ ತಿಳಿದುಕೊಂಡಿದ್ದರು. ಯಾಕೆ ಹೀಗಾಗುತ್ತದೆ ಅನ್ನುವುದನ್ನು ವಿಜ್ಞಾನಿಗಳು ಕಂಡುಕೊಂಡದ್ದು ಬಹಳ ತಡವಾಗಿ. ಈ ಎರಡರ ನಡುವೆ ಇರುವ ಚರಿತ್ರೆ ನನಗೆ ತುಂಬಾ ಪ್ರೀತಿಯದು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದ ಕಾಲದಿಂದಲೂ ಇದರ ಬೆನ್ನು ಹತ್ತಿದ್ದೇನೆ. ರಾಜರ ರೇಷ್ಮೆಯ ಬಗ್ಗೆ, ಪೀತಾಂಬರದ ಬಗ್ಗೆ ಎಷ್ಟು ಬೇಕಾದರೂ ಪುಸ್ತಕ ಸಿಗುತ್ತವೆ. ಉಚ್ಚೆಬಟ್ಟೆಯ ಬಗ್ಗೆ ಕಾಲು ಗಂಟೆ ಮಾತಾಡುವ ಅವಕಾಶ ಸಿಗುವುದು ಅಪರೂಪ.

ಮೊದಲು ರೋಮ್‌ಗೆ ಹೋಗೋಣ. ಅಲ್ಲಿ ಈ ಘಾಟನ್ನು ಯಾರೂ ಓಡಿಸುತ್ತಿರಲಿಲ್ಲ, ಕೂಡಿಡುತ್ತಿದ್ದರು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದು ಬೂದಿಯಡಿ ಹೂತುಹೋದ ಪಾಂಪೆ ಊರಿನಲ್ಲಿ ಅಗೆದಾಗ ಬಟ್ಟೆ ಒಗೆಯುವವರ ಕಾರ್ಖಾನೆಗಳೇ ಸಿಕ್ಕಿವೆ. ಸಾಲು ತೊಟ್ಟಿಗಳು. ಉಣ್ಣೆಯ ಬಟ್ಟೆಯನ್ನು ತೊಟ್ಟಿಗೆ ಹಾಕಿ, ಆಳುಗಳು ಅದರಲ್ಲಿ ನಿಂತು ಕಾಲಿನಿಂದ ತುಳಿಯುತ್ತಿದ್ದರು. ಆ ತೊಟ್ಟಿಯ ನೀರಿಗೆ ಬೆರೆಸುತ್ತಿದ್ದದ್ದು ಹಳಸಿದ ಮೂತ್ರ. ಹಳಸಿದ ಮೇಲೆ ಅದರಲ್ಲಿ ಅಮೋನಿಯ ಹುಟ್ಟಿಕೊಳ್ಳುತ್ತದೆ, ಅಮೋನಿಯ ಜಿಡ್ಡನ್ನು ಬಿಡಿಸುತ್ತದೆ. ವೆಸ್ಪೇಸಿಯನ್ ಚಕ್ರವರ್ತಿ ಈ ಮೂತ್ರದ ಮೇಲೆ ತೆರಿಗೆಯನ್ನೇ ಹಾಕಿದ. ಮಗ ಟೈಟಸ್ ಮುಖ ಸಿಂಡರಿಸಿದಾಗ, ತೆರಿಗೆಯಿಂದ ಬಂದ ನಾಣ್ಯವನ್ನು ಅವನ ಮೂಗಿಗೆ ಹಿಡಿದು ವಾಸನೆ ಬರುತ್ತದೆಯೇ ಅಂತ ಕೇಳಿದನಂತೆ. ಈ ಕತೆಯನ್ನು ಬರೆದಿಟ್ಟವನು ಸ್ವೆಟೋನಿಯಸ್. ನನಗಂತೂ ಆ ಚಕ್ರವರ್ತಿಗಿಂತ ತೊಟ್ಟಿಯಲ್ಲಿ ನಿಂತಿದ್ದ ಆಳಿನ ಕಾಲಿನ ಚರ್ಮದ್ದೇ ಯೋಚನೆ.

ಆಮೇಲಿನ ಬಹಳಷ್ಟು ಶತಮಾನಗಳನ್ನು ನಾನು ಹಾರಿಸಿಬಿಡುತ್ತೇನೆ. 1773ರಲ್ಲಿ ಫ್ರಾನ್ಸಿನ ರುವೆಲ್ ಎಂಬಾತ ಮೂತ್ರದಿಂದ ಯೂರಿಯವನ್ನು ಬೇರೆ ಮಾಡಿದ. 1828ರಲ್ಲಿ ಜರ್ಮನಿಯ ವೋಲರ್ ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದ. ನಮ್ಮ ಪಠ್ಯಪುಸ್ತಕಗಳಲ್ಲಿ ಇವೆಲ್ಲ ಇವೆ, ಪರೀಕ್ಷೆಗೂ ಬರುತ್ತವೆ. ಆದರೆ ಒಂದು ಮಾತು ಗಮನಿಸಿ. ಯೂರಿಯಕ್ಕೆ ಘಾಟು ಇಲ್ಲ. ಬರೀ ನೀರಿನಲ್ಲಿ ಕರಗಿಸಿಟ್ಟರೆ ಅದು ತಾನಾಗಿ ಒಡೆದು ಅಮೋನಿಯ ಆಗುವುದಕ್ಕೆ ವರ್ಷಗಟ್ಟಲೆ ಬೇಕು. ಉಚ್ಚೆಬಟ್ಟೆಯಲ್ಲಿ ಅದೇ ಕೆಲಸ ಒಂದು ರಾತ್ರಿಯಲ್ಲಿ ಮುಗಿದಿರುತ್ತದೆ. ಹಾಗಾದರೆ ಯಾರೋ ಒಡೆಯುತ್ತಿದ್ದಾರೆ. ಯಾರು?

ಇಲ್ಲಿ ನಾನು ನಿಮಗೆ ಜೇಮ್ಸ್ ಸಮ್ನರ್ ಅನ್ನುವವರ ಪರಿಚಯ ಮಾಡಿಕೊಡಬೇಕು. 1887ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದವರು. ಹದಿನೇಳನೇ ವಯಸ್ಸಿನಲ್ಲಿ ಬೇಟೆಗೆ ಹೋಗಿದ್ದಾಗ ಜೊತೆಗಿದ್ದವನ ಬಂದೂಕಿನ ಗುಂಡು ತಪ್ಪಿ ಇವರ ಎಡಗೈಗೆ ಬಡಿಯಿತು. ಮೊಣಕೈ ಕೆಳಗೆ ಕೈಯನ್ನು ಕತ್ತರಿಸಬೇಕಾಯಿತು. ಅದುವರೆಗೆ ಆ ಹುಡುಗ ಎಡಚ. ಬರೆಯುವುದು, ಉಣ್ಣುವುದು, ಎಲ್ಲವನ್ನೂ ಬಲಗೈಯಲ್ಲಿ ಮತ್ತೆ ಮೊದಲಿಂದ ಕಲಿತ. ಟೆನಿಸ್ಸನ್ನೂ ಬಿಡಲಿಲ್ಲ. ಹಾರ್ವರ್ಡ್‌ನಲ್ಲಿ ಓಟೊ ಫೋಲಿನ್ ಎಂಬ ದೊಡ್ಡ ವಿಜ್ಞಾನಿಯ ಹತ್ತಿರ ಹೋದಾಗ, ಒಂಟಿ ಕೈಯವರಿಗೆ ರಸಾಯನಶಾಸ್ತ್ರ ಆಗದು, ವಕೀಲಿಕೆ ಓದು ಅಂದರು. ಸಮ್ನರ್ ಕೇಳಲಿಲ್ಲ. ಅದೇ ಫೋಲಿನ್ ಕೈಕೆಳಗೆ 1914ರಲ್ಲಿ ಪಿಎಚ್.ಡಿ. ಮುಗಿಸಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರಾಗಿ ಹೋದರು.

ಅಲ್ಲಿ ಪಾಠದ ಹೊರೆ ಜಾಸ್ತಿ, ಸಲಕರಣೆ ಕಡಿಮೆ. 1917ರಲ್ಲಿ ಅವರು ಹಿಡಿದ ಹಟ ಏನು ಗೊತ್ತೇ? ಯೂರಿಯವನ್ನು ಒಡೆಯುವ ಆ 'ಯೂರಿಯೇಸ್' ಎಂಬ ಕಿಣ್ವವನ್ನು ಶುದ್ಧವಾಗಿ ಹೊರತೆಗೆಯುತ್ತೇನೆ ಅಂತ. ಅದು ಬ್ಯಾಕ್ಟೀರಿಯಾಗಳಲ್ಲಿ ಮಾತ್ರ ಇರುವುದಲ್ಲ, ಕಾಳುಗಳಲ್ಲೂ ಇರುತ್ತದೆ. ನಮ್ಮ ಹುರುಳಿಯಲ್ಲಿ, ತೊಗರಿಯಲ್ಲಿ, ಕಲ್ಲಂಗಡಿ ಬೀಜದಲ್ಲಿ ಇದೆ. ಕತ್ತಿಯಂಥ ಉದ್ದ ಕಾಯಿ ಬಿಡುವ ಜ್ಯಾಕ್ ಬೀನ್ ಅನ್ನುವ ಬಿಳಿ ಕಾಳಿನಲ್ಲಂತೂ ಹೇರಳ. ಸಮ್ನರ್ ಆ ಕಾಳನ್ನು ಹಿಟ್ಟು ಮಾಡಿ, ಮದ್ಯಸಾರ ಬೆರೆಸಿ, ಸೋಸಿ, ತಣ್ಣಗಿಡುತ್ತಿದ್ದರು. ಪ್ರಯೋಗಶಾಲೆಯಲ್ಲಿ ಐಸ್ ಪೆಟ್ಟಿಗೆ ಇಲ್ಲ. ಗಾಜಿನ ಕೊಳವೆಗಳನ್ನು ಕಿಟಕಿಯ ಹೊರಗಿನ ಕಟ್ಟೆಯ ಮೇಲಿಟ್ಟು, ಈ ರಾತ್ರಿ ಚೆನ್ನಾಗಿ ಚಳಿ ಬೀಳಲಪ್ಪ ಅಂತ ಬೇಡಿಕೊಳ್ಳುತ್ತಿದ್ದೆವು ಅಂತ ಮುಂದೆ ಅವರೇ ಬರೆದುಕೊಂಡಿದ್ದಾರೆ. ಒಂದೇ ಕೈಯಲ್ಲಿ ಸೋಸುವುದು, ಒಂದೇ ಕೈಯಲ್ಲಿ ಅಳೆಯುವುದು. ಹೀಗೆ ಒಂಬತ್ತು ವರ್ಷ. 1926ರಲ್ಲಿ ಮದ್ಯಸಾರದ ಬದಲು ಅಸಿಟೋನ್ ಹಾಕಿ ನೋಡಿದರು. ರಾತ್ರಿಯಿಡೀ ತಣ್ಣಗಿಟ್ಟು, ಬೆಳಿಗ್ಗೆ ಒಂದು ತೊಟ್ಟನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ಪುಟಾಣಿ ಹರಳುಗಳು ಕಂಡವು. ನೇರ ಹೋಗಿ ಹೆಂಡತಿಗೆ ಫೋನ್ ಮಾಡಿದರು, ಕಿಣ್ವವೊಂದನ್ನು ಮೊಟ್ಟಮೊದಲ ಸಲ ಹರಳಾಗಿಸಿದ್ದೇನೆ ಅಂತ.

ಜಗತ್ತು ನಂಬಲಿಲ್ಲ. ಕಿಣ್ವ ಅಂದರೆ ಪ್ರೋಟೀನ್ ಅನ್ನುವುದು ಸಮ್ನರ್ ಮಾತು. ಅಲ್ಲವೇ ಅಲ್ಲ ಅನ್ನುವುದು ಆಗಿನ ಮಹಾಪಂಡಿತ, ನೊಬೆಲ್ ಪಡೆದಿದ್ದ ಜರ್ಮನಿಯ ವಿಲ್‌ಶ್ಟೇಟರ್ ಅವರ ಮಾತು. 1930ರಲ್ಲಿ ನಾರ್ತ್‌ರಪ್ ಎಂಬುವರು ಜಠರದ ಪೆಪ್ಸಿನ್ನನ್ನೂ ಹರಳಾಗಿಸಿದ ಮೇಲೆ ಗಾಳಿ ತಿರುಗಿತು. 1946ರಲ್ಲಿ ಸಮ್ನರ್‌ಗೂ ನೊಬೆಲ್ ಬಂತು. ಉಚ್ಚೆಬಟ್ಟೆಯನ್ನು ರಾತ್ರಿಯಿಡೀ ಘಾಟು ಹೊಡೆಸುವ ಆ ವಸ್ತುವೇ ಜೀವರಸಾಯನಶಾಸ್ತ್ರದ ಬಾಗಿಲು ತೆರೆಯಿತು. ಈ ಪಾಠ ಮಾಡುವಾಗೆಲ್ಲ ನನಗೆ ಮೈ ಜುಮ್ ಅನ್ನುತ್ತಿತ್ತು.

ಸಮ್ನರ್‌ಗೆ ಹರಳು ಸಿಗುವುದಕ್ಕೆ ಸ್ವಲ್ಪ ಮುಂಚೆ ಅಮೆರಿಕದ ಸೇಂಟ್ ಲೂಯಿಸ್ ನಗರದ ಮಕ್ಕಳ ವೈದ್ಯರು ಇದೇ ದಾರಿಯ ಇನ್ನೊಂದು ತುದಿಯಲ್ಲಿದ್ದರು. 1915ರಲ್ಲಿ ಜಹೋರ್ಸ್ಕಿ ಎಂಬುವರು ಅಮೋನಿಯ ಹೊಡೆಯುವ ಬಟ್ಟೆಗಳ ಬಗ್ಗೆ ಬರೆದರು. 1921ರಲ್ಲಿ ಜೆ. ವಿ. ಕುಕ್ ಅನ್ನುವ ವೈದ್ಯರು, ಮಗುವಿನ ಮಲದಿಂದ ಬಟ್ಟೆಗೆ ಸೇರುವ ಒಂದು ಬ್ಯಾಕ್ಟೀರಿಯಾ ಯೂರಿಯವನ್ನು ಒಡೆಯುತ್ತದೆ ಅಂತ ತೋರಿಸಿಕೊಟ್ಟರು. ಸರಿಯಾದ ಪತ್ತೆದಾರಿಕೆ. ಆದರೆ ಅದಕ್ಕೆ ಅವರು ಹೇಳಿದ ಮದ್ದು ಕೇಳಿ: ಒಗೆದ ಬಟ್ಟೆಯನ್ನು ಪಾದರಸದ ಲವಣದ ನೀರಿನಲ್ಲಿ ಅದ್ದಿ ಒಣಗಿಸುವುದು. ಬ್ಯಾಕ್ಟೀರಿಯಾ ಸಾಯುತ್ತದೆ, ನಿಜ. ಬಟ್ಟೆಯಲ್ಲಿ ಪಾದರಸ ಉಳಿಯುತ್ತದೆ, ಅದೂ ನಿಜ. ಅದು ಅಲ್ಲಿಗೇ ನಿಲ್ಲಲಿಲ್ಲ. ಬೋರಿಕ್ ಆಮ್ಲ ಬಂತು. ಅದರಿಂದ ಶಿಶುಗಳು ಸತ್ತ ವರದಿಗಳು ಬಂದ ಮೇಲೆ ಬಿಟ್ಟರು. 1980ರ ಸುಮಾರಿಗೆ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಕೂಸುಗಳ ಬಟ್ಟೆ ಒಗೆದುಕೊಡುವ ವ್ಯವಸ್ಥೆಯೊಂದರಲ್ಲಿ ಪಾದರಸದ್ದೇ ಇನ್ನೊಂದು ಸಂಯುಕ್ತವನ್ನು ಬಳಸಿ, ಸಾವಿರಾರು ಶಿಶುಗಳ ಚರ್ಮದ ಮೂಲಕ ಅದು ಮೈಗೆ ಇಳಿಯಿತು. ವಾಸನೆಯ ಮೇಲಿನ ಸಿಟ್ಟಿಗೆ ಮಗುವಿನ ಮೈಗೆ ವಿಷ ಹಾಕುವುದೇ? ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ.

ಈಗ ನಮ್ಮ ಊರಿಗೆ ಬರೋಣ. ಹನ್ನೆರಡನೇ ಶತಮಾನದ ಮಡಿವಾಳ ಮಾಚಿದೇವರನ್ನು ನಾವು ಪೂಜಿಸುತ್ತೇವೆ. ಅವರ ಕುಲಕಸುಬಿನಲ್ಲಿದ್ದ ಜಾಣ್ಮೆಯನ್ನು ಮಾತ್ರ ಯಾರೂ ಪಾಠ ಅಂತ ಬರೆದಿಡಲಿಲ್ಲ. ಮಡಿವಾಳರ ಉಬ್ಬೆ ನೋಡಿದವರು ಈಗ ಕಡಿಮೆ. ಚೌಳು ಮಣ್ಣನ್ನು ಕದಡಿ, ತಿಳಿನೀರಿನಲ್ಲಿ ಬಟ್ಟೆ ನೆನೆಸುತ್ತಾರೆ. ಚೌಳಿನಲ್ಲಿ ಇರುವುದು ಸೋಡಿಯಂ ಕಾರ್ಬೋನೇಟ್, ಅಂದರೆ ಈಗ ಅಂಗಡಿಯಲ್ಲಿ ಸಿಗುವ ವಾಷಿಂಗ್ ಸೋಡಾ. ಕ್ಷಾರ ತಗುಲಿದ ಕೂಡಲೇ ಬಟ್ಟೆಯಲ್ಲಿ ಅವಿತಿದ್ದ ಅಮೋನಿಯ ಹಬೆಯಾಗಿ ಮೇಲೇಳುತ್ತದೆ, ಜಿಡ್ಡು ಸಾಬೂನಾಗಿ ಕರಗುತ್ತದೆ. ಆಮೇಲೆ ಕುದಿಯುವ ನೀರಿನ ಬಾನಿಯ ಮೇಲೆ ಆ ಬಟ್ಟೆಗಳನ್ನು ಒಟ್ಟಿ, ರಾತ್ರಿಯೆಲ್ಲ ಹಬೆ ಹಾಯಿಸುತ್ತಾರೆ. ಹಬೆಗೆ ಬ್ಯಾಕ್ಟೀರಿಯಾವೂ ಉಳಿಯದು, ಯೂರಿಯೇಸೂ ಉಳಿಯದು. ಬೆಳಿಗ್ಗೆ ಕೆರೆಗೆ ಒಯ್ದು ಕಲ್ಲಿನ ಮೇಲೆ ಒಗೆದು, ಹರಿಯುವ ನೀರಿನಲ್ಲಿ ಜಾಲಾಡಿಸಿ, ಬಿಸಿಲಿಗೆ ಹರವುವುದು. ಪಾದರಸದ ಹಂಗಿಲ್ಲದ ಈ ಕೆಲಸ ಇಲ್ಲಿ ಪ್ರತಿ ಕೇರಿಯಲ್ಲೂ ನಡೆಯುತ್ತಿತ್ತು.

ಬಾಣಂತಿ ಮನೆಯ ಬಟ್ಟೆಗೆ ಸೂತಕ ಅಂತ ಬೇರೆಯವರು ಮುಟ್ಟುತ್ತಿರಲಿಲ್ಲ. ಮಡಿವಾಳಿತಿ ಬಂದು ಒಯ್ಯುತ್ತಿದ್ದಳು. ಕೂಲಿಗೆ ಒಂದಿಷ್ಟು ರಾಗಿಯೋ ಜೋಳವೋ. ಊರಿನ ಅಷ್ಟೂ ಕೂಸುಗಳ ಕುಂಡೆಯ ಚರ್ಮ ಸುಲಿಯದಂತೆ ಕಾಪಾಡಿದವಳು ಅವಳು. ಮೈಲಿಗೆ ಅನ್ನಿಸಿಕೊಂಡವಳೂ ಅವಳೇ. ಈ ಅನ್ಯಾಯವನ್ನು ನಾನು ಸಣ್ಣದಾಗಿ ಹೇಳಲಾರೆ.

ದಿನದಿನದ ಉಚ್ಚೆಬಟ್ಟೆಯನ್ನು ಮನೆಯ ಹೆಂಗಸರೇ ಒಗೆಯುತ್ತಿದ್ದರು. ಅಜ್ಜಿಯ ಹಳೇ ಸೀರೆ, ತಾತನ ಪಂಚೆ ಹರಿದು ಮಾಡಿದ ತುಂಡುಗಳು. ನೂರು ಸಲ ಒಗೆದು ಮೆತ್ತಗಾದ ತೆಳ್ಳನೆ ಹತ್ತಿ. ಅದರಲ್ಲಿ ನೀರು ಸಲೀಸಾಗಿ ಹಾಯುತ್ತದೆ, ಬೇಗ ಒಣಗುತ್ತದೆ. ನಮ್ಮ ಅಜ್ಜಿಯ ಮನೆಯಲ್ಲಿ ಒಂದೇ ಕಟ್ಟಳೆ ಇತ್ತು: ಒದ್ದೆ ಬಟ್ಟೆ ಇದ್ದಲ್ಲೇ ಇರಕೂಡದು. ತೆಗೆದ ತಕ್ಷಣ ಬಚ್ಚಲಲ್ಲಿ ತಣ್ಣೀರು ಹುಯ್ದು ಹಿಂಡಿ ಬಿಡಬೇಕು, ಒಗೆಯುವುದು ಆಮೇಲಾದರೂ ಸರಿ. ಯೂರಿಯವನ್ನು ಬ್ಯಾಕ್ಟೀರಿಯಾದ ಬಾಯಿಗೆ ಸಿಗದಂತೆ ಮೊದಲೇ ತೊಳೆದುಬಿಡುವ ಉಪಾಯ ಇದು. ಮಳೆಗಾಲದಲ್ಲಿ ಒಲೆಯ ಮೇಲಿನ ಹಗ್ಗಕ್ಕೆ ಹಾಕಿ ಒಣಗಿಸುತ್ತಿದ್ದರು. ಮಲೆನಾಡಿನವರಿಗೆ ಗೊತ್ತು, ಆಷಾಢದಲ್ಲಿ ಅರೆಒಣಗಿದ ಬಟ್ಟೆಯ ಮುಗ್ಗಲು ವಾಸನೆ ಬೇರೆಯದೇ. ಅದಕ್ಕೆ ಕಾರಣ ಮೊರಾಕ್ಸೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಅಂತ ಜಪಾನಿನ ಸಂಶೋಧಕರು 2012ರಲ್ಲಿ ಕಂಡುಹಿಡಿದರು.

ಎಸೆಯುವ ಡೈಪರಿನ ಚರಿತ್ರೆಯನ್ನು ಬೇಗ ಮುಗಿಸುತ್ತೇನೆ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಮೇರಿಯನ್ ಡೊನೊವನ್ ಎಂಬ ತಾಯಿ ಸ್ನಾನದ ಮನೆಯ ಪರದೆಯನ್ನು ಹೊಲಿದು ಒದ್ದೆ ಹೊರಬಾರದ ಚಡ್ಡಿ ಮಾಡಿದಳು. 1961ರಲ್ಲಿ ಪ್ಯಾಂಪರ್ಸ್ ಬಂತು. ಆಮೇಲೆ ನೀರು ಹೀರುವ ಪುಡಿ ಬಂತು. ಕೆಲಸಕ್ಕೆ ಹೋಗುವ ತಾಯಂದಿರಿಗೆ ಅದು ದೊಡ್ಡ ಆಸರೆ, ಅವರನ್ನು ಯಾರೂ ದೂರಬಾರದು. ನನ್ನ ಬೇಸರ ಬೇರೆ. ಒಂದು ತಲೆಮಾರಿನಲ್ಲಿ ಒಗೆಯುವ ಜ್ಞಾನ ಕೈಬಿಟ್ಟುಹೋಯಿತು. ಈಗ ಮತ್ತೆ ಬಟ್ಟೆಯ ಡೈಪರ್ ಕೊಂಡ ಹುಡುಗಿಯರು, ಎಷ್ಟು ಒಗೆದರೂ ವಾಸನೆ ಹೋಗುತ್ತಿಲ್ಲವಲ್ಲ ಅಂತ ನನ್ನನ್ನು ಕೇಳುತ್ತಾರೆ.

ಹೋಗದಿರಲು ಕಾರಣ ಇದೆ. ಈಗಿನ ಡೈಪರಿನ ಒಳಪದರ ಹೆಚ್ಚಾಗಿ ಪಾಲಿಯೆಸ್ಟರ್. ಅದು ಎಣ್ಣೆಯಂಶವನ್ನು ಹತ್ತಿಗಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು. ಅದರ ಸುಣ್ಣದಂಶ ಸಾಬೂನಿನ ಜೊತೆ ಸೇರಿ ನೂಲಿನ ಮೇಲೆ ಗಷ್ಟು ಕಟ್ಟುತ್ತದೆ, ಆ ಗಷ್ಟಿನಡಿ ಬ್ಯಾಕ್ಟೀರಿಯಾ ಸುಖವಾಗಿರುತ್ತದೆ. ಅಂಟುವಾಳದ ನೊರೆಗೆ ಗಡಸು ನೀರಿನಲ್ಲೂ ಗಷ್ಟು ಕಟ್ಟುವ ಗುಣ ಇಲ್ಲ, ನಮ್ಮ ಹಿರಿಯರ ಆಯ್ಕೆ ಸುಮ್ಮನೆ ಅಲ್ಲ. ವಾಸನೆ ಬಂತೆಂದು ಇನ್ನೊಂದು ಚಮಚ ಪುಡಿ ಸುರಿಯಬೇಡಿ, ಮೆತ್ತಗಾಗಲೆಂದು ಕಂಡೀಷನರ್ ಹಾಕಬೇಡಿ. ಕಂಡೀಷನರ್ ಹಾಕಿದರೆ ಬಟ್ಟೆ ಹೀರುವುದನ್ನೇ ಬಿಡುತ್ತದೆ. ಮೊದಲು ತಣ್ಣೀರಿನಲ್ಲಿ ಜಾಲಾಡಿಸಿ, ಆಮೇಲೆ ಬಟ್ಟೆ ತಾಳುವಷ್ಟು ಬಿಸಿನೀರಿನಲ್ಲಿ ವಾಷಿಂಗ್ ಸೋಡಾ ಸೇರಿಸಿ ಒಗೆಯಿರಿ. ಹತ್ತಿಯದಾದರೆ ಕುದಿಸಿದರೂ ಸರಿ. ಕೊನೆಯ ನೀರಿಗೆ ಒಂದಿಷ್ಟು ವಿನೆಗರ್ ಬೆರೆಸಿದರೆ ಉಳಿದ ಅಮೋನಿಯ ಲವಣವಾಗಿ ಅಡಗುತ್ತದೆ.

ಬ್ಲೀಚ್ ವಿಷಯದಲ್ಲಿ ಎಚ್ಚರ. ಉಚ್ಚೆ ಇರುವ ಬಟ್ಟೆಗೆ ಬ್ಲೀಚ್ ಹಾಕಿದರೆ ಅಮೋನಿಯದ ಜೊತೆ ಸೇರಿ ಕ್ಲೋರಮೀನ್ ಅನ್ನುವ ಕೆಟ್ಟ ಅನಿಲ ಬರುತ್ತದೆ. ವಿನೆಗರ್ ಜೊತೆ ಸೇರಿದರೆ ಕ್ಲೋರಿನ್ನೇ ಏಳುತ್ತದೆ. ಒಗೆದು ಮಡಿಸಿಟ್ಟ ಕೂಸಿನ ಬಟ್ಟೆಯ ನಡುವೆ ನುಸಿಗುಳಿಗೆಯನ್ನೂ ಇಡಬೇಡಿ. ಅದರ ನ್ಯಾಫ್ತಲೀನ್ ಕೆಲವು ಶಿಶುಗಳ ರಕ್ತಕಣಗಳನ್ನೇ ಒಡೆಯುತ್ತದೆ, ಕಾಮಾಲೆ ಏರುತ್ತದೆ.

ಬಿಸಿಲಿನ ಬಗ್ಗೆ ಒಂದು ಮಾತು ಉಳಿದಿದೆ. ಬಿಸಿಲಿಗೆ ಒಣಗಿದ ಬಟ್ಟೆಗೆ ಒಂದು ಹಿತವಾದ ಪರಿಮಳ ಇರುತ್ತದಲ್ಲ, ಅದು ಕಲ್ಪನೆ ಅಲ್ಲ. ಕೋಪನ್‌ಹೇಗನ್ ವಿಶ್ವವಿದ್ಯಾಲಯದವರು ಟವಲುಗಳನ್ನು ಬಿಸಿಲಲ್ಲೂ ನೆರಳಲ್ಲೂ ಮನೆಯೊಳಗೂ ಒಣಗಿಸಿ ನೋಡಿ, ಬಿಸಿಲಿನದರಲ್ಲಿ ಮಾತ್ರ ಹುಟ್ಟುವ ಆಲ್ಡಿಹೈಡ್‌ಗಳನ್ನು 2020ರಲ್ಲಿ ಪಟ್ಟಿ ಮಾಡಿದರು. ಒದ್ದೆ ಬಟ್ಟೆಯ ಮೇಲೆ ಬಿಸಿಲು ಬಿದ್ದಾಗಲೇ ಆ ರಾಸಾಯನಿಕ ಕ್ರಿಯೆ ನಡೆಯುವುದು. ಹಾಗಾಗಿ ಬಾಲ್ಕನಿಯಲ್ಲಿ ಎರಡು ಗಂಟೆ ಬಿಸಿಲು ಬೀಳುವ ಜಾಗ ಇದ್ದರೆ, ಒಳಗೆ ಅರ್ಧ ಒಣಗಿಸಿ ಆಮೇಲೆ ತರಬೇಡಿ. ಹಿಂಡಿದ ಬಟ್ಟೆಯನ್ನು ಹಸಿಯಾಗಿಯೇ ಹೊರಗೆ ಹಾಕಿ, ಕಲೆ ಇದ್ದ ಬದಿಯನ್ನು ಸೂರ್ಯನ ಕಡೆ ತಿರುಗಿಸಿ.