ಪಕ್ಕದ ಎಲೆಯ ನೊಣ



ಎಂಜಿನಿಯರುಗಳೇ ತುಂಬಿರುವ ಸಭೆಯಲ್ಲಿ ಫೋನಿನ ಬಗ್ಗೆ ಮಾತಾಡಲು ಚಾರ್ಟರ್ಡ್ ಅಕೌಂಟೆಂಟ್ ಯಾಕೆ ಎಂದು ನಿಮಗೆ ಅನ್ನಿಸಿರಬಹುದು. ಆಂಟೆನಾ ಹೇಗೆ ಕೆಲಸ ಮಾಡುತ್ತದೆ ಎಂದು ನಿಮಗೆ ನಾನು ಪಾಠ ಹೇಳುವುದಿಲ್ಲ. ಒಂದು ಕಂಪನಿ ಎಡವಿದಾಗ ಪಕ್ಕದ ಕಂಪನಿಗಳು ಏನು ಮಾಡುತ್ತವೆ, ಲೆಕ್ಕ ನೋಡುವವರ ಕಣ್ಣಿಗೆ ಅದು ಹೇಗೆ ಕಾಣುತ್ತದೆ ಎಂಬುದಷ್ಟೇ ನನ್ನ ವಿಷಯ.

2010ರ ಜೂನ್ 24ರಂದು ಐಫೋನ್ 4 ಮಾರುಕಟ್ಟೆಗೆ ಬಂತು. ಅದರ ಅಂಚಿನ ಲೋಹದ ಪಟ್ಟಿಯೇ ಆಂಟೆನಾ. ಎಡಗಡೆ ಕೆಳಗಿನ ಸಂದಿಗೆ ಕೈ ತಾಗಿದರೆ ಸಿಗ್ನಲ್ ಕುಸಿಯುತ್ತಿತ್ತು. ಜುಲೈ 16ರಂದು ಸ್ಟೀವ್ ಜಾಬ್ಸ್ ಪತ್ರಿಕಾಗೋಷ್ಠಿ ಕರೆದರು. ಬ್ಲ್ಯಾಕ್‌ಬೆರಿ, ಎಚ್‌ಟಿಸಿ, ಸ್ಯಾಮ್‌ಸಂಗ್ ಫೋನುಗಳಲ್ಲೂ ಸಿಗ್ನಲ್ ಇಳಿಯುವುದನ್ನು ತೋರಿಸಿ, ಇದು ಎಲ್ಲರ ಸಮಸ್ಯೆ ಎಂದರು. ಗ್ರಾಹಕರಿಗೆ ಪುಕ್ಕಟೆ ಕವರ್ ಘೋಷಿಸಿದರು. ಆ ಕವರಿಗಾಗಿ ಮುಂದಿನ ತ್ರೈಮಾಸಿಕದಲ್ಲಿ ಸುಮಾರು 17.5 ಕೋಟಿ ಡಾಲರ್ ಆದಾಯವನ್ನು ಮುಂದೂಡುವುದಾಗಿ ಕೆಲವೇ ದಿನಗಳಲ್ಲಿ ಕಂಪನಿ ಹೇಳಿತು. ಪುಕ್ಕಟೆ ಎಂಬ ಪದಕ್ಕೆ ನಮ್ಮ ಪುಸ್ತಕದಲ್ಲಿ ಜಾಗವಿಲ್ಲ, ನೋಡಿ!

ಉಳಿದವರು ಏನು ಮಾಡಿದರು? ಮೊಟೊರೊಲಾ ತನ್ನ ಡ್ರಾಯ್ಡ್ ಎಕ್ಸ್ ಫೋನನ್ನು ಹೇಗೆ ಬೇಕಾದರೂ ಹಿಡಿಯಿರಿ ಎಂದು ಪತ್ರಿಕೆಯಲ್ಲಿ ಪುಟ ತುಂಬ ಜಾಹೀರಾತು ಕೊಟ್ಟಿತು. ನಾವಿರುವ ಈ ಬ್ರಿಟನ್ನಿನಲ್ಲಿ ಸ್ಯಾಮ್‌ಸಂಗ್, ಬೇಸತ್ತ ಕೆಲವು ಐಫೋನ್ ಗ್ರಾಹಕರಿಗೆ ಗ್ಯಾಲಕ್ಸಿ ಎಸ್ ಫೋನನ್ನೇ ಉಚಿತವಾಗಿ ಕೊಟ್ಟಿತು. ಬ್ಲ್ಯಾಕ್‌ಬೆರಿ ತಯಾರಿಸುತ್ತಿದ್ದ ರಿಮ್ ಕಂಪನಿ, ನಮ್ಮನ್ನು ಯಾಕೆ ಎಳೆಯುತ್ತೀರಿ ಎಂದು ಸಿಟ್ಟಾಯಿತು. ಅಂದಕ್ಕಿಂತ ಆಂಟೆನಾ ನಮಗೆ ಮುಖ್ಯ ಎಂದಿತು ನೋಕಿಯಾ.

ಎಚ್‌ಟಿಸಿ ಮಾತ್ರ ಅಂಕಿ ಹಿಡಿದು ಬಂತು. ತನ್ನ ಡ್ರಾಯ್ಡ್ ಎರಿಸ್ ಗ್ರಾಹಕರಲ್ಲಿ ಇಂಥ ದೂರು ಕೊಟ್ಟವರು ಶೇಕಡಾ 0.016 ಎಂದಿತು. ಆಪಲ್ ಹೇಳಿದ್ದು ಶೇಕಡಾ 0.55. ಆದರೆ ಆಪಲ್‌ನದು 22 ದಿನದ ಫೋನು, ಎರಿಸ್ ಹಿಂದಿನ ವರ್ಷದ್ದು. ಎರಡು ಕಂಪನಿಗಳು ತಮ್ಮ ತಮ್ಮ ರೀತಿಯಲ್ಲಿ ಎಣಿಸಿದ ದೂರುಗಳು. ಇಂಥ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ತೀರ್ಪು ಕೊಡಲು ಯಾವ ಆಡಿಟರೂ ಒಪ್ಪುವುದಿಲ್ಲ.

ಮುಂದೆ ಏನಾಯಿತು ಎಂದು ನಿಮಗೇ ಗೊತ್ತು. ಮೊಟೊರೊಲಾ ಮೊಬಿಲಿಟಿ 2012ರಲ್ಲಿ ಗೂಗಲ್ ಪಾಲಾಗಿ, ಆಮೇಲೆ ಲೆನೊವೊಗೆ ಹೋಯಿತು. ನೋಕಿಯಾದ ಫೋನ್ ವ್ಯವಹಾರ 2014ರಲ್ಲಿ ಮೈಕ್ರೋಸಾಫ್ಟ್ ಕೈ ಸೇರಿತು. ಬ್ಲ್ಯಾಕ್‌ಬೆರಿ 2016ರಲ್ಲಿ ತಾನೇ ಫೋನ್ ವಿನ್ಯಾಸ ಮಾಡುವುದನ್ನು ನಿಲ್ಲಿಸಿತು. ನಕ್ಕಿದ್ದಕ್ಕೇ ಹೀಗಾಯಿತು ಎಂದು ನಾನು ಹೇಳುತ್ತಿಲ್ಲ. ಪಕ್ಕದವರ ಆಂಟೆನಾ ಕೆಟ್ಟಿದ್ದರಿಂದ ತಮ್ಮ ಮನೆಯ ಸಮಸ್ಯೆ ಪರಿಹಾರವಾಗಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ನೋಡಿದರಂತೆ ಎಂಬ ನಮ್ಮ ಗಾದೆ ಇದಕ್ಕೇ ಹೇಳಿದಂತಿದೆ.

ಇದಕ್ಕಿಂತ ದೊಡ್ಡ ಪಾಠ 2016ರದು. ಗ್ಯಾಲಕ್ಸಿ ನೋಟ್ 7 ಫೋನುಗಳಿಗೆ ಬೆಂಕಿ ಹತ್ತಿದಾಗ ಸ್ಯಾಮ್‌ಸಂಗ್ ಸುಮಾರು 25 ಲಕ್ಷ ಫೋನುಗಳನ್ನು ವಾಪಸ್ ಕರೆಯಿತು. ದೋಷ ಒಬ್ಬ ಸರಬರಾಜುದಾರನ ಬ್ಯಾಟರಿಯದು ಎಂದುಕೊಂಡು, ಇನ್ನೊಬ್ಬನ ಬ್ಯಾಟರಿ ಹಾಕಿದ ಫೋನು ಕೊಟ್ಟಿತು. ಅವೂ ಹೊತ್ತಿಕೊಂಡವು. ಅಕ್ಟೋಬರ್‌ನಲ್ಲಿ ಆ ಫೋನಿನ ತಯಾರಿಕೆಯೇ ನಿಂತಿತು. ಇಬ್ಬರ ಬ್ಯಾಟರಿಗಳಲ್ಲೂ ಬೇರೆ ಬೇರೆ ದೋಷವಿತ್ತು ಎಂದು 2017ರ ಜನವರಿಯಲ್ಲಿ ಕಂಪನಿಯೇ ತಿಳಿಸಿತು. ಒಬ್ಬ ತಪ್ಪಿತಸ್ಥ ಸಿಕ್ಕಿದ ಮಾತ್ರಕ್ಕೆ ಇನ್ನೊಬ್ಬ ಸರಿ ಎಂದಾಗುವುದಿಲ್ಲ.

ಐಎಎಸ್ 37 ಎಂಬ ಲೆಕ್ಕದ ನಿಯಮದ ಪ್ರಕಾರ, ಪ್ರತಿಸ್ಪರ್ಧಿಯ ದೋಷಕ್ಕೆ ನಾವು ನಮ್ಮ ಪುಸ್ತಕದಲ್ಲಿ ಹಣ ತೆಗೆದಿಡಬೇಕಿಲ್ಲ. ಆದರೆ ಅದೇ ಬಿಡಿಭಾಗ, ಅದೇ ವಿನ್ಯಾಸ ನಮ್ಮಲ್ಲೂ ಇದ್ದರೆ ವಾರಂಟಿಗೆ ತೆಗೆದಿಟ್ಟ ಮೊತ್ತ ಸಾಕೇ ಎಂದು ಮತ್ತೆ ನೋಡಲೇಬೇಕು. ಆ ವಿಷಯ ಲೆಕ್ಕದವರಿಗೆ ತಾನಾಗಿ ತಿಳಿಯುವುದಿಲ್ಲ. ತಿಳಿದಿರುವುದು ನಿಮಗೆ, ಟೆಸ್ಟಿಂಗ್‌ನಲ್ಲಿ, ಖರೀದಿ ವಿಭಾಗದಲ್ಲಿ, ಗ್ರಾಹಕರ ಫೋನು ಎತ್ತುವ ಜಾಗದಲ್ಲಿ ಕೂತವರಿಗೆ.

ನಮ್ಮಲ್ಲಿ ಅನೇಕರ ವೀಸಾ ಕೆಲಸಕ್ಕೆ ಅಂಟಿಕೊಂಡಿದೆ. ಮನೆ ಸಾಲ, ಮಕ್ಕಳ ಶಾಲೆ, ಊರಿನಲ್ಲಿ ವಯಸ್ಸಾದ ಅಪ್ಪ ಅಮ್ಮ. ನಮ್ಮ ಪ್ರಾಡಕ್ಟಿನಲ್ಲೇ ತೊಂದರೆ ಇದೆ ಎಂದು ಮ್ಯಾನೇಜರ್ ಎದುರು ಹೇಳಲು ನಾಲಿಗೆ ಏಳುವುದಿಲ್ಲ. ಆ ಅಂಜಿಕೆ ನನಗೆ ಅರ್ಥವಾಗುತ್ತದೆ. ಅದಕ್ಕೇ ಹೇಳುತ್ತೇನೆ, ಪ್ರತಿಸ್ಪರ್ಧಿ ಎಡವಿದ ವಾರವೇ ಆ ಪ್ರಶ್ನೆ ಕೇಳಲು ಸುಸಮಯ. ಆಗ ನೀವು ಯಾರ ಮೇಲೂ ಆರೋಪ ಹೊರಿಸಬೇಕಿಲ್ಲ. "ಅವರಿಗೆ ಹೀಗಾಯಿತಲ್ಲ, ನಮ್ಮದನ್ನೂ ಒಮ್ಮೆ ನೋಡೋಣವೇ?" ಎಂದರೆ ಸಾಕು. ಬಾಯಲ್ಲಿ ಕೇಳಿದ್ದನ್ನು ಎರಡು ಸಾಲಿನ ಇಮೇಲಿನಲ್ಲೂ ಹಾಕಿಡಿ. ಆರು ತಿಂಗಳ ನಂತರ ಅದೇ ಪ್ರಶ್ನೆ ಕೇಳಿದರೆ, ಮೊದಲೇ ಯಾಕೆ ಹೇಳಲಿಲ್ಲ ಎಂಬ ಮಾತು ನಿಮ್ಮ ತಲೆಗೇ ಬರುತ್ತದೆ.

ಆಫೀಸಿನಲ್ಲಿ ಎಲ್ಲರೂ ಪಕ್ಕದ ಕಂಪನಿಯ ಮೀಮು ಹಂಚಿಕೊಂಡು ನಗುವಾಗ ನೀವೂ ನಗಿ, ತಪ್ಪೇನಿಲ್ಲ. ನಕ್ಕ ಮೇಲೆ ನಿಮ್ಮ ಟೆಸ್ಟ್ ರಿಪೋರ್ಟ್ ತೆರೆದು ನೋಡಿ.