ಚಂದ್ರನ ಒಡಲಿನ ಭಾರ



ಭಾರತ ಹುಣ್ಣಿಮೆಯ ಇರುಳು ಬೈಲಹೊಂಗಲದಿಂದಲೋ ಕಿತ್ತೂರಿನಿಂದಲೋ ರಾಮದುರ್ಗದಿಂದಲೋ ಚಕ್ಕಡಿ ಹೂಡಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟವರು, ಎರೆಹೊಲಗಳ ನಡುವಣ ದಾರಿಯಲ್ಲಿ ತಲೆಯೆತ್ತಿದಾಗ ಕಾಣುವ ಚಂದ್ರಬಿಂಬವು ಎಷ್ಟು ಸಮವಾಗಿ ತೋರುವುದೆಂದರೆ, ಅದರ ಒಡಲಿನಲ್ಲಿ ಒಂದೆಡೆ ಹೆಚ್ಚಿನ ಭಾರವೂ ಮತ್ತೊಂದೆಡೆ ಕಡಿಮೆ ಭಾರವೂ ಇದ್ದೀತೆಂಬ ಶಂಕೆಯೇ ಮನಸ್ಸಿನಲ್ಲಿ ಸುಳಿಯದು. ಆದರೆ ಅದೇ ದಾರಿಯಲ್ಲಿ ಮುಂದಿನ ಚಕ್ಕಡಿಯು ತಿರುವಿನಲ್ಲಿ ಮರೆಯಾದಾಗಲೂ, ಎತ್ತಿನ ಕೊರಳ ಗಂಟೆ ಬಿರುಸಾದರೆ ಇಳಿಜಾರು ಬಂದಿತೆಂದೂ, ನಿಧಾನವಾದರೆ ಏರು ಬಂದಿತೆಂದೂ ಹಿಂದಿನವನು ಅರಿಯುತ್ತಾನಷ್ಟೆ. ಚಂದ್ರನ ಗರ್ಭವನ್ನು ವಿಜ್ಞಾನಿಗಳು ತಿಳಿದುದೂ ಹೀಗೆ ಆಲಿಸಿಯೇ.

ಚಂದ್ರನನ್ನು ಸುತ್ತುವ ನೌಕೆಯು ಸಾಂದ್ರವಾದ ದ್ರವ್ಯವಿರುವ ಸ್ಥಳವನ್ನು ಸಮೀಪಿಸಿದಂತೆ ಆಕರ್ಷಣೆಯು ಹೆಚ್ಚಿ ಅದರ ವೇಗವು ಕಿಂಚಿತ್ ವೃದ್ಧಿಸುತ್ತದೆ. ದಾಟಿದ ಬಳಿಕ ಹಿಂದಕ್ಕೆ ಸೆಳೆತ ಬಿದ್ದು ಕುಗ್ಗುತ್ತದೆ. ಎದುರಿನಿಂದ ಬರುವ ಬಸ್ಸಿನ ಹಾರ್ನು ಏರುಸ್ವರದಲ್ಲಿಯೂ, ದಾಟಿಹೋದ ಮೇಲೆ ಇಳಿಸ್ವರದಲ್ಲಿಯೂ ಕೇಳಿಬರುವಂತೆ, ನೌಕೆಯ ರೇಡಿಯೋ ತರಂಗದ ಕಂಪನಾಂಕವೂ ವೇಗಕ್ಕನುಸಾರವಾಗಿ ವ್ಯತ್ಯಾಸಗೊಳ್ಳುತ್ತದೆ. 1966–67ರ ಲೂನಾರ್ ಆರ್ಬಿಟರ್ ನೌಕೆಗಳ ಇಂತಹ ವ್ಯತ್ಯಾಸಗಳನ್ನು ಪರಿಶೀಲಿಸಿದ ಪಾಲ್ ಮುಲ್ಲರ್ ಮತ್ತು ವಿಲಿಯಂ ಶೋಗ್ರೆನ್ 1968ರಲ್ಲಿ ಹೊರಗೆಡಹಿದ ಸಂಗತಿ ವಿಸ್ಮಯಕರವಾದುದು. ನಮ್ಮ ಪೂರ್ವಿಕರು ಮೊಲವನ್ನು ಕಂಡು ಚಂದ್ರನನ್ನು ಶಶಾಂಕನೆಂದು ಕರೆಯಲು ಕಾರಣವಾದ ಆ ಕಪ್ಪು ಕಲೆಗಳಲ್ಲಿ, ದುಂಡಗಿನ ಹಲವು ತಗ್ಗುಗಳ ಅಡಿಯಲ್ಲಿಯೇ ಅಧಿಕವಾದ ದ್ರವ್ಯರಾಶಿ ಹುದುಗಿದೆ! ಪುರಾತನ ಕಾಲದಲ್ಲಿ ಮಹಾಶಿಲೆಗಳು ಬಂದಪ್ಪಳಿಸಿ ಮೇಲ್ಪದರವನ್ನು ಕಿತ್ತೆಸೆದಾಗ ಒಳಗಿನ ಸಾಂದ್ರಶಿಲೆ ಮೇಲಕ್ಕುಬ್ಬಿತು. ಅನಂತರ ಲಾವಾರಸವು ಉಕ್ಕಿ ಹರಿದು ಹೆಪ್ಪುಗಟ್ಟಿತು. ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ ಹಾಸಿರುವ ಕರಿಕಲ್ಲಿನ ಜಾತಿಯದೇ ಆ ಹೆಪ್ಪುಗಟ್ಟಿದ ಶಿಲೆ. ಈ ಅಡಗಿದ ಭಾರಗಳ ಎಳೆತ ಸಾಮಾನ್ಯವಾದುದಲ್ಲ: ಅಪೊಲೊ–16ರ ಯಾತ್ರಿಕರು 1972ರಲ್ಲಿ ಬಿಟ್ಟುಬಂದ ಪುಟ್ಟ ಉಪಗ್ರಹವು ಕೇವಲ 35 ದಿನಗಳಲ್ಲಿ ಚಂದ್ರನ ನೆಲಕ್ಕೆ ಬಡಿಯಿತು.

ಈ ಆಲಿಸುವ ಕಿವಿಯೊಂದು ನಮ್ಮ ಕರ್ನಾಟಕದಲ್ಲಿಯೂ ಉಂಟು. ಬೆಂಗಳೂರಿನ ಸಮೀಪದ ಬ್ಯಾಲಾಳು ಗ್ರಾಮದಲ್ಲಿ 32 ಮೀಟರ್ ವ್ಯಾಸದ ಬೃಹತ್ ಆಂಟೆನಾ ಆಕಾಶಕ್ಕೆ ಮುಖಮಾಡಿ ನಿಂತಿದೆ. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ–1ರ ದನಿಯನ್ನು ಅದು ಕೇಳುತ್ತಿತ್ತು. 2009ರ ಮೇ ತಿಂಗಳಿನಲ್ಲಿ ಆ ನೌಕೆಯ ಕಕ್ಷೆಯನ್ನು 100 ಕಿಲೋಮೀಟರ್ ಎತ್ತರದಿಂದ 200ಕ್ಕೆ ಏರಿಸಿದಾಗ, ಕಕ್ಷೆಯ ವಿಚಲನೆಗಳನ್ನೂ ಚಂದ್ರನ ಗುರುತ್ವದ ವ್ಯತ್ಯಾಸಗಳನ್ನೂ ಅಭ್ಯಸಿಸುವುದು ಆ ಏರಿಕೆಯ ಉದ್ದೇಶಗಳಲ್ಲೊಂದೆಂದು ಇಸ್ರೊ ತಿಳಿಸಿತ್ತು. ಆಗಸ್ಟ್ 29ರಂದು ಆ ದನಿ ನಿಂತುಹೋಯಿತು.

ಚಂದ್ರನ ಮರುಬದಿಗೆ ಸರಿದ ನೌಕೆಯ ದನಿ ಭೂಮಿಗೆ ನೇರವಾಗಿ ಕೇಳಿಸದೆಂಬ ತೊಡಕನ್ನು ಜಪಾನಿನ ಕಗುಯಾ ನೌಕೆಯು ದನಿ ದಾಟಿಸಲು ಜೊತೆಗೊಂದು ಉಪಗ್ರಹವನ್ನು ಕಟ್ಟಿಕೊಂಡು ಹೋಗಿ ಬಹುಮಟ್ಟಿಗೆ ನೀಗಿಸಿತು. ಅದಕ್ಕಿಂತಲೂ ಸೊಗಸಾದ ಉಪಾಯವೆಂದು ನನಗೆ ತೋರುವುದು 2012ರ ಗ್ರೇಲ್ ಪ್ರಯೋಗ. ಶಾಲೆಯ ಮಕ್ಕಳು ಇಳಿತ–ಭರತವೆಂಬರ್ಥದಲ್ಲಿ ಎಬ್, ಫ್ಲೋ ಎಂದು ಹೆಸರಿಟ್ಟ ಅವಳಿ ನೌಕೆಗಳು ಒಂದರ ಹಿಂದೊಂದು ಸಾಗಿದವು. ಭಾರವಾದ ಸ್ಥಳವು ಎದುರಾದಾಗ ಮುಂದಿನದು ಮೊದಲು ಧಾವಿಸಿ ಅಂತರ ಹಿಗ್ಗುವುದು. ಅದು ದಾಟಿ ಹಿಂಜಗ್ಗುವಷ್ಟರಲ್ಲಿ ಹಿಂದಿನದು ಧಾವಿಸಿ ಬಂದು ಅಂತರ ಕುಗ್ಗುವುದು. ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಕಿರಿದಾದ ಹಿಗ್ಗು–ಕುಗ್ಗುಗಳನ್ನೂ ಬಿಡದೆ ಅಳೆದು, ಚಂದ್ರನ ಮೇಲ್ಪದರದ ದಪ್ಪ ಸರಾಸರಿ 34ರಿಂದ 43 ಕಿಲೋಮೀಟರುಗಳೆಂದು ಕಂಡುಕೊಂಡರು. ಮೊದಲಿನ ಎಣಿಕೆಗಿಂತ ಅದು ತೆಳುವಾದುದು.

ಮೂಕವಾದ ನಮ್ಮ ಚಂದ್ರಯಾನ–1ರ ಗತಿಯೇನಾಯಿತು? 2016ರ ಜುಲೈ 2ರಂದು ಅಮೆರಿಕದ ಗೋಲ್ಡ್‌ಸ್ಟೋನ್ ಆಂಟೆನಾದಿಂದ ಚಂದ್ರನ ಉತ್ತರಧ್ರುವದತ್ತ ಹಾಯಿಸಿದ ರೇಡಾರ್ ಕಿರಣವು, ಒಂದೂವರೆ ಮೀಟರಿನ ಪೆಟ್ಟಿಗೆಯಷ್ಟೇ ಇರುವ ಆ ನೌಕೆಗೆ ತಾಗಿ ಪ್ರತಿಧ್ವನಿಸಿತು. ಏಳು ವರ್ಷಗಳ ಕಾಲ ಆ ಅಗೋಚರ ಭಾರಗಳ ಸೆಳೆತದ ನಡುವೆಯೂ ಅದು ನೆಲಕ್ಕುರುಳದೆ, ಹಳೆಯ ಲೆಕ್ಕದ ಸ್ಥಾನಕ್ಕಿಂತ ಸುಮಾರು ಅರ್ಧ ಸುತ್ತಿನಷ್ಟು ಪಲ್ಲಟಗೊಂಡು, ಎರಡು ಗಂಟೆ ಎಂಟು ನಿಮಿಷಕ್ಕೊಮ್ಮೆ ಚಂದ್ರನಿಗೆ ಪ್ರದಕ್ಷಿಣೆ ಹಾಕುತ್ತಲೇ ಇದ್ದಿತು.